ಕೊಲಾಬಾದಲ್ಲಿ ಬಿಡಿಸಿದ ಗಂಟು

ಮುಂಬೈಯ ದಕ್ಷಿಣ ತುದಿಯ ಕೊಲಾಬಾದಲ್ಲಿ, ಕಡಲಿಗೆ ಮುಖಮಾಡಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಟ್ಟಡವಿದೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ಚಂಚಲ್ ಕುಮಾರ್ ಮಜುಂದಾರ್ ಮತ್ತು ಅವರ ವಿದ್ಯಾರ್ಥಿ ದೀಪನ್ ಘೋಷ್ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಕಾಂತೀಯ ಕಣಗಳ ಸಾಲಿನಲ್ಲಿ ಒಂದಕ್ಕೊಂದು ಹೊಂದದ ಎರಡು ಬಲಗಳಿದ್ದರೆ ಏನಾಗುತ್ತದೆ?

ಪ್ರತಿ ಕಣವೂ ಒಂದು ಪುಟ್ಟ ದಿಕ್ಸೂಚಿ ಎಂದುಕೊಳ್ಳಿ. ಪಕ್ಕದ ಕಣಕ್ಕೆ ವಿರುದ್ಧವಾಗಿ ನಿಲ್ಲುವುದು ಅದರ ಸ್ವಭಾವ. ಇಷ್ಟೇ ಇರುವ ಸಾಲಿನ ಲೆಕ್ಕವನ್ನು ಹಾನ್ಸ್ ಬೆಥೆ 1931ರಲ್ಲೇ ಬಿಡಿಸಿದ್ದರು. ಆದರೆ ಒಂದನ್ನು ಬಿಟ್ಟು ಅದರಾಚೆಯ ಕಣಕ್ಕೂ ವಿರುದ್ಧವಾಗಿರಬೇಕೆಂದರೆ? ಮೊದಲನೆಯದು ಮೇಲೆ, ಎರಡನೆಯದು ಕೆಳಗೆ; ಮೂರನೆಯದಕ್ಕೆ ಅತ್ತ ದರಿ, ಇತ್ತ ಪುಲಿ. ಈ ಎರಡನೆಯ ಬಲದೆದುರು ಬೆಥೆ ಕಂಡ ಸ್ಥಿತಿ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಅವರ ಉತ್ತರ 1969ರಲ್ಲಿ ‘ಜರ್ನಲ್ ಆಫ್ ಮ್ಯಾಥಮೆಟಿಕಲ್ ಫಿಸಿಕ್ಸ್’ನಲ್ಲಿ ಎರಡು ಭಾಗಗಳಾಗಿ ಬಂತು. ಮೊದಲ ಭಾಗದಲ್ಲಿ ಎಂಟು ಕಣಗಳವರೆಗಿನ ಸಾಲುಗಳ ನಿಖರ ಲೆಕ್ಕವಿತ್ತು. ಎರಡನೆಯ ಬಲ ಮೊದಲನೆಯದರ ಸರಿಯಾಗಿ ಅರ್ಧವಿದ್ದಾಗ ಗಂಟು ತಾನೇ ಸಡಿಲವಾಗುತ್ತದೆ. ಕಣಗಳು ಎರಡೆರಡಾಗಿ ಜೋಡಿಯಾಗುತ್ತವೆ. ಜೋಡಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ನಿಶ್ಚಯವಿಲ್ಲ. ಒಂದರ ಕಾಂತತ್ವವನ್ನು ಇನ್ನೊಂದು ಪೂರ್ತಿ ಅಳಿಸುತ್ತದೆ ಎಂಬುದಷ್ಟೇ ನಿಶ್ಚಯ.

ಕಾರಣ ಸರಳ. ಸಾಲನ್ನು ಒತ್ತೊತ್ತಾಗಿರುವ ಮೂರು ಮೂರು ಕಣಗಳ ಗುಂಪುಗಳಾಗಿ ನೋಡಿ. ಅನುಪಾತ ಅರ್ಧವಿದ್ದಾಗ ಗುಂಪಿನ ಮೂರೂ ನಂಟುಗಳಿಗೆ ಸಮಬಲ. ಮೂರರಲ್ಲಿ ಎರಡು ಜೋಡಿಯಾದರೆ ಗುಂಪಿನ ಶಕ್ತಿ ಅದಕ್ಕಿಂತ ಕೆಳಗಿಳಿಯದು. ಜೋಡಿಗಳ ಸಾಲಿನಲ್ಲಿ ಎಲ್ಲಿ ಮೂರನ್ನು ಎಣಿಸಿದರೂ ಒಂದು ಜೋಡಿ ಸಿಕ್ಕೇ ಸಿಗುತ್ತದೆ.

ನೀರು ಮಂಜುಗಡ್ಡೆಯಾಗಲು ತಾಪ ಇಳಿಯಬೇಕು. ಇಲ್ಲಿ ನಿರಪೇಕ್ಷ ಶೂನ್ಯದಲ್ಲೂ ಬಲಗಳ ಅನುಪಾತ ಬದಲಾದರೆ ಸಾಕು, ಸ್ಥಿತಿಯೇ ಬದಲಾಗುತ್ತದೆ. ಬೆಥೆಯ ಸ್ಥಿತಿ ಸುಮಾರು 0.241ರವರೆಗೆ ತಾಳುತ್ತದೆ, ಅದರಾಚೆ ಜೋಡಿಗಳ ರಾಜ್ಯ ಎಂದು ಮುಂದಿನ ಲೆಕ್ಕಗಳು ತೋರಿಸಿದವು.

ಮಜುಂದಾರರ ಇನ್ನೊಬ್ಬ ವಿದ್ಯಾರ್ಥಿ ಬಿ. ಶ್ರೀರಾಮ್ ಶಾಸ್ತ್ರಿ, 1981ರಲ್ಲಿ ಬಿಲ್ ಸದರ್‌ಲ್ಯಾಂಡ್ ಜೊತೆಗೂಡಿ ಇಂಥದೇ ಜೋಡಿಗಳನ್ನು ಸಾಲಿನಿಂದ ಸಮತಲಕ್ಕೆ ಒಯ್ದರು. 1999ರಲ್ಲಿ ಜಪಾನಿನ ಸಂಶೋಧಕರು ಸ್ಟ್ರಾಂಷಿಯಂ, ತಾಮ್ರ, ಬೋರಾನ್, ಆಮ್ಲಜನಕಗಳ ಹರಳೊಂದರಲ್ಲಿ ಅದನ್ನು ಕಂಡರು. ಕಾಗದದ ಮೇಲಿನ ಲೆಕ್ಕಕ್ಕೆ ಪ್ರಕೃತಿಯಲ್ಲೇ ಸಾಕ್ಷಿ ಸಿಕ್ಕಿತ್ತು.

ಶಾಸ್ತ್ರಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಘೋಷ್ ಪೊವಾಯಿಯ ಐಐಟಿಯಲ್ಲಿ ಕಲಿಸಿದರು. ಮಜುಂದಾರ್ ಕೋಲ್ಕತ್ತಾಗೆ ಮರಳಿ ಎಸ್. ಎನ್. ಬೋಸ್ ಕೇಂದ್ರವನ್ನು ಕಟ್ಟಿ, 2000ದಲ್ಲಿ ತೀರಿಕೊಂಡರು. ಇಂಥ ಸಾಲುಗಳಿಗೆ ಹೊಸ ಲೆಕ್ಕದ ವಿಧಾನ ಕಂಡುಕೊಂಡವರು ಅದನ್ನು ಒರೆಗೆ ಹಚ್ಚಲು ಇಂದಿಗೂ ಕೊಲಾಬಾದ ಆ ‘ಅರ್ಧ’ಕ್ಕೇ ಮರಳುತ್ತಾರೆ.