‘ಮಾತ್ರ’ ಎಂಬ ಒಂದು ಮಾತು

ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಓದಲು ಕಳುಹಿಸುವ ನಮ್ಮ ಮನೆಗಳಲ್ಲಿ ‘ಒ.ಪಿ.ಟಿ.’ ಎಂಬ ಮೂರಕ್ಷರ ಆಗಾಗ ಕೇಳಿಬರುತ್ತದೆ. ಓದು ಮುಗಿದ ಮೇಲೂ ವಿದ್ಯಾರ್ಥಿ ವೀಸಾದಲ್ಲಿಯೇ ಕೆಲವು ಕಾಲ ನಿಂತು, ಕಲಿತ ವಿಷಯದಲ್ಲಿ ಕೆಲಸಮಾಡಿ ಅನುಭವ ಪಡೆಯಲು ಅಲ್ಲಿನ ಸರ್ಕಾರ ಕೊಡುವ ಅನುಮತಿ ಅದು. ಬ್ಯಾಂಕಿನ ಸಾಲ ತೀರಿಸುವ ಲೆಕ್ಕಾಚಾರವೆಲ್ಲ ಈ ಅವಧಿಯ ಸಂಬಳವನ್ನೇ ನೆಚ್ಚಿರುವುದುಂಟು. ಆದರೆ ಈ ಅನುಮತಿಯ ಮೂಲವನ್ನು ಹುಡುಕಹೊರಟರೆ ಸಿಕ್ಕುವುದು ಶಾಸನಸಭೆಯ ಕಾನೂನಲ್ಲ, ಇಲಾಖೆಯೊಂದರ ನಿಬಂಧನೆ.

1924ರ ಅಮೆರಿಕದ ವಲಸೆ ಶಾಸನ ಏಷ್ಯದವರ ಪಾಲಿಗೆ ಕಠೋರವಾದುದು. ಅದರ ಹಿಂದಿನ ವರ್ಷವಷ್ಟೆ, ಭಗತ್ ಸಿಂಗ್ ಥಿಂಡರ ಮೊಕದ್ದಮೆಯಲ್ಲಿ, ಭಾರತೀಯರು ಅಲ್ಲಿನ ಪೌರರಾಗಲು ಅರ್ಹರಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಪೌರತ್ವಕ್ಕೆ ಅನರ್ಹರಾದವರು ನೆಲೆಸಲು ಬರಕೂಡದೆಂಬುದು ಹೊಸ ಶಾಸನದ ಕಟ್ಟಳೆ. ಹೆಬ್ಬಾಗಿಲು ಹೀಗೆ ಮುಚ್ಚಿತಾದರೂ ಒಂದು ಕಿಂಡಿ ಉಳಿಯಿತು. 15 ವರ್ಷ ತುಂಬಿದ, ವ್ಯಾಸಂಗಕ್ಕಾಗಿ ಮಾತ್ರ ಬರುವ ವಿದ್ಯಾರ್ಥಿಗೆ ಪ್ರವೇಶವುಂಟೆಂದು ಶಾಸನ ಹೇಳಿತು. ಇಂಥವರನ್ನು ಯಾವ ಶಾಲೆ ಸೇರಿಸಿಕೊಳ್ಳಬಹುದೆಂದು ಮಂಜೂರುಮಾಡುತ್ತಿದ್ದವರು ಯಾರೆಂದು ಬಲ್ಲಿರಾ? ಶಿಕ್ಷಣಾಧಿಕಾರಿಗಳಲ್ಲ, ಕಾರ್ಮಿಕ ಇಲಾಖೆಯ ಮಂತ್ರಿ! ಈತ ಓದಲು ಬಂದವನೋ ದುಡಿಯಲು ಬಂದವನೋ ಎಂಬ ಸಂಶಯ ಆಗಲೇ ಇತ್ತೆಂದಾಯಿತು.

1946ರಲ್ಲಿ ವರ್ಷಕ್ಕೆ 100 ಮಂದಿ ಭಾರತೀಯರು ಬಂದು ನೆಲೆಸಬಹುದೆಂದು ಕಾನೂನು ಸಡಿಲವಾಯಿತು. ಮರುವರ್ಷ ಆಗಸ್ಟ್ 7ರಂದು, ನಮ್ಮ ಸ್ವಾತಂತ್ರ್ಯಕ್ಕೆ ಇನ್ನೂ ಒಂದು ವಾರವಿರುವಾಗ, ಅಲ್ಲಿನ ವಲಸೆ ಇಲಾಖೆಯ ಹೊಸ ನಿಬಂಧನೆಗಳು ಪ್ರಕಟವಾದುವು. ಪ್ರಾಯೋಗಿಕ ತರಬೇತಿಗಾಗಿ ಉದ್ಯೋಗ ಬೇಕೆಂದು ವಿದ್ಯಾಸಂಸ್ಥೆಯೇ ವಿಧಿಸಿದರೆ ಅಥವಾ ಶಿಫಾರಸುಮಾಡಿದರೆ, ಆರು ತಿಂಗಳ ಮಟ್ಟಿಗೆ ಒಪ್ಪಿಗೆ ಕೊಡಬಹುದು; ಅದನ್ನು ಇನ್ನೆರಡು ಸಲ ಆರಾರು ತಿಂಗಳು ಮುಂದುವರಿಸಬಹುದು ಎಂದು ಅವುಗಳಲ್ಲಿ ಒಂದು ಹೇಳಿತು. ಎಂಜಿನಿಯರಿಂಗ್ ಓದಿದವನು ಯಂತ್ರವನ್ನೇ ಮುಟ್ಟದೆ ಊರಿಗೆ ಮರಳಿದರೆ ಅವನ ಓದು ಅರ್ಧಕ್ಕೆ ನಿಂತಂತೆ. ಆದುದರಿಂದ ಕಾರ್ಖಾನೆಯ ಕೆಲಸವೂ ವ್ಯಾಸಂಗದ ಬಾಲವೇ ಎಂಬ ಭಾವನೆ ಇದರ ಹಿಂದಿದೆ. ತೀರ್ಮಾನದ ಭಾರ ಬಿದ್ದುದು ಅಧ್ಯಾಪಕರ ಶಿಫಾರಸಿನ ಮೇಲೆ. ಉಪಾಧ್ಯಾಯ ವೃತ್ತಿಯವನಾದ ನನಗೆ ಇದು ಪ್ರಿಯವಾದ ಸಂಗತಿ.

1952ರಲ್ಲಿ ಹೊಸ ವಲಸೆ ಶಾಸನ ಬಂದಿತು. ಈಗಿನ ‘ಎಫ್-1’ ವೀಸಾ ಅದರ ಕೂಸು. ತಾಯ್ನಾಡಿನ ಮನೆಯನ್ನು ತೊರೆಯುವ ಉದ್ದೇಶವಿಲ್ಲದೆ, ತಾತ್ಕಾಲಿಕವಾಗಿ, ವ್ಯಾಸಂಗಕ್ಕಾಗಿ ಮಾತ್ರ ಬರುವವನು ವಿದ್ಯಾರ್ಥಿ ಎಂದು ಅದು ಹೇಳಿತು. ‘ಮಾತ್ರ’ ಹಾಗೆಯೇ ಉಳಿಯಿತು. ತರಬೇತಿಯ ಪರಿಪಾಠವೂ ನಡೆದುಕೊಂಡು ಬಂದಿತು.

ಅನಂತರದ ಬೆಳವಣಿಗೆಯೆಲ್ಲ ಇಲಾಖೆಯ ಕೈಯದೇ. 1992ರಲ್ಲಿ ಇದಕ್ಕೆ ‘ಐಚ್ಛಿಕ ಪ್ರಾಯೋಗಿಕ ತರಬೇತಿ’ ಎಂಬ ಅರ್ಥದ ಈಗಿನ ಹೆಸರು, 12 ತಿಂಗಳ ಗಡುವು ಬಂದುವು. ಪಠ್ಯಕ್ರಮದ ಅಂಗವಾಗಿಯೇ ಮಾಡುವ ತರಬೇತಿಗೆ ಬೇರೆ ಲೆಕ್ಕವಿದೆ. ಅದನ್ನು ಪೂರ್ಣಾವಧಿಯಲ್ಲಿ 12 ತಿಂಗಳು ಅನುಭವಿಸಿದವನು ಇದನ್ನು ಕಳೆದುಕೊಳ್ಳುತ್ತಾನೆ. 2008ರಲ್ಲಿ ವಿಜ್ಞಾನ, ತಂತ್ರವಿದ್ಯೆ, ಗಣಿತಗಳ ಪದವೀಧರರಿಗೆ ಇನ್ನೂ 17 ತಿಂಗಳು ದೊರೆತುವು. ಸಾಹಿತ್ಯ ಓದಿದವನಿಗೆ 12 ತಿಂಗಳೇ ಗತಿ! ಕೆಲಸವಿಲ್ಲದೆ 90 ದಿನಗಳಿಗಿಂತ ಹೆಚ್ಚು ಕಳೆಯಕೂಡದೆಂಬ ಕಟ್ಟೂ ಆಗಲೇ ಬಂದಿತು. ಸಾರ್ವಜನಿಕರ ಅಭಿಪ್ರಾಯ ಕೇಳದೆ ಈ ನಿಯಮ ಹೊರಡಿಸಿದ್ದು ತಪ್ಪೆಂದು 2015ರಲ್ಲಿ ನ್ಯಾಯಾಲಯವೊಂದು ಅದನ್ನು ತಳ್ಳಿಹಾಕಿದಾಗ ಸಾವಿರಾರು ಮಂದಿಯ ನೆಲೆ ಅಲುಗಾಡಿತು. ಸರ್ಕಾರ ಕಾಲಾವಕಾಶ ಪಡೆದು 2016ರಲ್ಲಿ ಹೊಸ ನಿಯಮ ತಂದಿತು. 17 ತಿಂಗಳು 24 ಆದುವು. ಮಾಲೀಕನೂ ವಿದ್ಯಾರ್ಥಿಯೂ ತರಬೇತಿಯ ಯೋಜನೆಯೊಂದಕ್ಕೆ ಸಹಿಹಾಕಬೇಕೆಂದಾಯಿತು.

ಇಷ್ಟಾದರೂ ಮೂಲಪ್ರಶ್ನೆ ತೀರಲಿಲ್ಲ. ಪದವಿ ಪಡೆದವನು ವಿದ್ಯಾರ್ಥಿ ಹೇಗಾದಾನು, ‘ವ್ಯಾಸಂಗಕ್ಕಾಗಿ ಮಾತ್ರ’ ಎಂದ ಮೇಲೆ ಕೆಲಸಕ್ಕೆ ಎಡೆಯೆಲ್ಲಿ ಎಂದು ಅಲ್ಲಿನ ತಂತ್ರಜ್ಞರ ಸಂಘವೊಂದು ವ್ಯಾಜ್ಯ ಹೂಡಿತು. ಅವರ ಅಳಲು ಅಲ್ಲಗಳೆಯುವಂಥದಲ್ಲ. ಅದೇ ಕೆಲಸಗಳಿಗೆ ಅವರೂ ಅರ್ಜಿ ಹಾಕುವವರು. 2022ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದ ಬಹುಮತ ಉತ್ತರವಿತ್ತಿತು. ಶಾಸನದ ಆ ಮಾತು ಬಾಗಿಲಲ್ಲಿ ಕೇಳುವ ಪ್ರಶ್ನೆ. ಒಳಗೆ ಬಂದವನು ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಇರಬೇಕೆಂಬುದನ್ನು ಇಲಾಖೆ ನಿಯಮಗಳಿಂದ ಗೊತ್ತುಮಾಡಬಹುದು. 1947ರಿಂದ ಬಂದ ಪದ್ಧತಿಯನ್ನು ಬಲ್ಲ ಶಾಸನಸಭೆ 1952ರಲ್ಲಿ ಅದನ್ನು ಕೈಬಿಡಲಿಲ್ಲವೆಂಬುದನ್ನೂ ಅದು ಗಣನೆಗೆ ತೆಗೆದುಕೊಂಡಿತು. ಮೂವರಲ್ಲಿ ಒಬ್ಬ ನ್ಯಾಯಾಧೀಶರು ಭಿನ್ನಮತ ಬರೆದರು. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಆ ಶೈಕ್ಷಣಿಕ ವರ್ಷ ಈ ಅನುಮತಿಯಲ್ಲಿದ್ದ ಭಾರತೀಯರ ಸಂಖ್ಯೆ 97,556.