ಬೆಟ್ಟದ ಮೇಲಿನ ಬಿಯರ್ ಮಠ

ಪುಣೆಗೆ ಬಂದು ನೆಲೆಸಿದವರಿಗೆ ಭಾನುವಾರದ ಬೆಟ್ಟ ಅಂದರೆ ಸಿಂಹಗಡ. ಹತ್ತಿದ ಮೇಲೆ ಪಿಠಲಾ-ಭಾಕರಿ, ಮಡಕೆ ಮೊಸರು ಆಗಲೇಬೇಕು. ಈ ಸಲ ಆಫೀಸಿನವರು ಜರ್ಮನಿಯ ಮ್ಯೂನಿಕ್ಕಿಗೆ ಕಳಿಸುತ್ತಿದ್ದಾರೆ. ಅಲ್ಲಿ ಸಿಗುವ ಒಂದೇ ಭಾನುವಾರ ಆಂಡೆಕ್ಸ್ ಮಠಕ್ಕೆ ನಡೆದು ಹೋಗೋಣ ಅಂತಿದ್ದೇನೆ. ಸನ್ಯಾಸಿಗಳ ಮಠ, ಅದಕ್ಕೆ ತನ್ನದೇ ಬ್ರೂವರಿ.

ಎಸ್-8 ಲೋಕಲ್ಲಿನ ಕೊನೇ ಸ್ಟೇಷನ್ ಹೆರ್ಶಿಂಗ್. ಅಲ್ಲಿಂದ ಕೀನ್‌ಟಾಲ್ ಎಂಬ ಕಾಡುಕಣಿವೆಯಲ್ಲಿ ಸುಮಾರು 4 ಕಿ.ಮೀ. ಏರಬೇಕು, ಅಷ್ಟೆ.

ಧಾರವಾಡಕ್ಕೆ ಫೋನ್ ಮಾಡಿದಾಗ ಅವ್ವ, "ಮಠಕ್ಕ ಹೊಂಟೀ? ಛಲೋ ಆತು. ಪ್ರಸಾದ ಇರ್ತದೇನು?" ಅಂದಳು. "ಇರ್ತದವಾ" ಅಂದೆ. ಏನು ಪ್ರಸಾದ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚರಿತ್ರೆ ಓದುತ್ತ ಹೋದಂತೆ, ಇದರಲ್ಲಿ ಮುಚ್ಚಿಡುವಂಥದ್ದೇನಿದೆ ಅನ್ನಿಸಿತು. 1455ರಲ್ಲಿ ಬವೇರಿಯಾದ ಡ್ಯೂಕ್ ಮೂರನೇ ಆಲ್ಬ್ರೆಕ್ಟ್ ಇಲ್ಲಿ ಬೆನೆಡಿಕ್ಟನ್ ಮಠ ಸ್ಥಾಪಿಸಿದ. ಅದಕ್ಕೂ ಮೊದಲೇ ಅದು ಯಾತ್ರಾಸ್ಥಳ. 6ನೇ ಶತಮಾನದ ಸಂತ ಬೆನೆಡಿಕ್ಟನ ನಿಯಮದಂತೆ ಸನ್ಯಾಸಿ ಕೈದುಡಿಮೆಯಿಂದ ಬದುಕಬೇಕು. ದಿನಕ್ಕಿಷ್ಟು ಅಂತ ಅಳೆದ ದ್ರಾಕ್ಷಾರಸಕ್ಕೆ ಒಪ್ಪಿಗೆಯುಂಟು, ಅಮಲಿಗಿಲ್ಲ. ಕಾಯಕದ ನಾಡಿನವರಿಗೆ ಇದು ತೀರಾ ಪರಕೀಯವಲ್ಲ. ನಮ್ಮ 12ನೇ ಶತಮಾನದ ಶರಣರ ನಡುವೆ ಹೆಂಡ ಮಾರುವ ಹೆಂಡದ ಮಾರಯ್ಯನೂ ಇದ್ದನಲ್ಲ!

1803ರಲ್ಲಿ ಬವೇರಿಯಾ ಸರ್ಕಾರ ಮಠಗಳನ್ನು ಮುಚ್ಚಿ ಆಸ್ತಿ ವಶಪಡಿಸಿಕೊಂಡಿತು. ಆಂಡೆಕ್ಸೂ ಹೋಯಿತು. ದೊರೆ ಒಂದನೇ ಲುಡ್ವಿಗ್ 1846ರಲ್ಲಿ ಅದನ್ನು ಕೊಂಡುಕೊಂಡು, 1850ರಲ್ಲಿ ಮ್ಯೂನಿಕ್ಕಿನಲ್ಲಿ ತಾನೇ ಸ್ಥಾಪಿಸಿದ ಸೇಂಟ್ ಬೋನಿಫಾಸ್ ಮಠಕ್ಕೆ ಬಿಟ್ಟುಕೊಟ್ಟ. ಪಟ್ಟಣದ ಮಠದ ಖರ್ಚು ಬೆಟ್ಟದ ಉತ್ಪತ್ತಿಯಿಂದ ನಡೆಯಲಿ ಅಂತ. ನಮ್ಮಲ್ಲಿ ಮಠಕ್ಕೆ ಗದ್ದೆ ಉಂಬಳಿ ಬಿಡುತ್ತಿದ್ದರಲ್ಲ, ಹಾಗೆ. ಇಲ್ಲಿ ಹೊಲದ ಜೊತೆ ಬ್ರೂವರಿಯೂ ಸೇರಿತು. ಈಗಲೂ ಎರಡೂ ಒಂದೇ ಮಠ. ಮ್ಯೂನಿಕ್ಕಿನ ಮನೆಯಿಲ್ಲದವರಿಗೆ ಅಲ್ಲಿ ಊಟ, ಔಷಧಿ ಸಿಗುತ್ತದೆ. ಅದಕ್ಕೆ ಬಿಯರಿನ ದುಡ್ಡೂ ಸೇರಿದೆ. ಅವ್ವನಿಗೆ ಹೇಳುವುದಾದರೆ ದಾಸೋಹದ ಈ ಕಡೆಯಿಂದಲೇ ಶುರುಮಾಡಬೇಕು.

ಮೊದಲು ಚರ್ಚು ನೋಡುವುದು. 'ಕಾರ್ಮಿನಾ ಬುರಾನಾ'ದ ಸಂಗೀತಕಾರ ಕಾರ್ಲ್ ಓರ್ಫ್‌ನ ಸಮಾಧಿ ಅಲ್ಲೇ ಇದೆ. ಆಮೇಲೆ ಊಟದ ಜೊತೆ ಅರ್ಧ ಲೀಟರು, ಹೆಚ್ಚಿಲ್ಲ. ಇಲ್ಲಿನ ಡೊಪ್ಪೆಲ್‌ಬೊಕ್ ಎಂಬ ಕಪ್ಪು ಬಿಯರಿನಲ್ಲಿ ಆಲ್ಕೋಹಾಲು ಶೇ. 7ಕ್ಕೂ ಮೇಲೆ, ಇಳಿಯಬೇಕಾದದ್ದು ಮತ್ತೆ ಅದೇ ಕಾಡುದಾರಿ. ಬೆಳಕಿರುವಾಗಲೇ ಹೆರ್ಶಿಂಗ್ ಸ್ಟೇಷನ್ ಸೇರಿಕೊಳ್ಳಬೇಕು.