ಕುರ್ಚಿ ಬಿಟ್ಟ ಮೇಲಿನ ನಲವತ್ತು ವರ್ಷ: ನಮ್ಮ ಶನಿವಾರಸಂತೆಯ ಕಾರ್ಯಪ್ಪನವರು



ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಅಂತ ಸಂಪಾದಕ ಸಮಿತಿಯವರು ಕೇಳಿದಾಗ ನಾವು ಎರಡು ಸಲ ತಪ್ಪಿಸಿಕೊಂಡೆವು. ನಮ್ಮ ಓದು ಎಸ್ಸೆಸ್ಸೆಲ್ಸಿಗೆ ಮುಗಿದದ್ದು. ಆಮೇಲೆ ನಾವು ಬರೆದದ್ದೆಲ್ಲ ಸಾಲದ ಅರ್ಜಿ, ಜಾಮೀನು ಪತ್ರ, ಕಾಡಾನೆ ಗದ್ದೆಗೆ ಇಳಿದಾಗ ಪರಿಹಾರ ಕೇಳಿ ಕೊಟ್ಟ ಮನವಿ, ಇಷ್ಟೇ. ಮೂರನೇ ಸಲ ಬಂದವರು ಕಾಫಿ ಕುಡಿದ ಮೇಲೂ ಏಳಲಿಲ್ಲ. ಸಂಘದ ಇತಿಹಾಸವನ್ನು ಕಾರ್ಯದರ್ಶಿಯವರು ಅಂಕಿ ಅಂಶ ಸಹಿತ ಬರೆಯುತ್ತಿದ್ದಾರೆ. ಆದ್ದರಿಂದ ನಾವು ನಮ್ಮ ನೆಲದಲ್ಲಿ ಹುಟ್ಟಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ವಿಚಾರ ಬರೆಯಲು ಒಪ್ಪಿದೆವು.

ಅವರ ಹೆಸರು ಕೇಳದವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಆದರೆ ಶಾಲೆ ಮಕ್ಕಳನ್ನು ಕೇಳಿದರೆ ಭಾರತದ ಮೊದಲ ದಂಡನಾಯಕರು ಅಂತ ಒಂದೇ ಸಾಲು ಹೇಳಿ ನಿಲ್ಲಿಸುತ್ತಾರೆ. ಅವರು ಆ ಹುದ್ದೆಯಲ್ಲಿ ಇದ್ದದ್ದು ನಾಲ್ಕು ವರ್ಷ. ಅದನ್ನು ಬಿಟ್ಟ ಮೇಲೆ ಬದುಕಿದ್ದು ನಲವತ್ತು ವರ್ಷ. ಆ ನಲವತ್ತು ವರ್ಷ ಏನು ಮಾಡಿದರು ಅನ್ನೋದು ನಮ್ಮಂಥ ನಿರ್ದೇಶಕರಿಗೆ ಬಹಳ ಬೇಕಾದ ವಿಚಾರ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಶನಿವಾರಸಂತೆಯಲ್ಲಿ. ನಾವೆಲ್ಲ ಮೆಣಸು, ಶುಂಠಿ, ಹಸುಕರು ಹಿಡಿದುಕೊಂಡು ಹೋಗುವ ಅದೇ ಶನಿವಾರಸಂತೆ. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿ ಇದ್ದರು. ಮನೆಯಲ್ಲಿ ಹುಡುಗನನ್ನು ಚಿಮ್ಮ ಅಂತ ಕರೆಯುತ್ತಿದ್ದರಂತೆ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಭಾರತೀಯರಿಗೂ ಸೇನೆಯಲ್ಲಿ ಅಧಿಕಾರಿ ಹುದ್ದೆ ಕೊಡಲು ಒಪ್ಪಿದರು. ಇಂದೋರಿನಲ್ಲಿ ತರಬೇತಿ ಪಡೆದ ಆ ಮೊದಲ ತಂಡದಲ್ಲೇ ನಮ್ಮ ಚಿಮ್ಮ ಇದ್ದರು. 1919ರಲ್ಲಿ ಅಧಿಕಾರಿಯಾದರು. ಕಾರ್ಯಪ್ಪ ಅನ್ನೋ ಹೆಸರು ಬಿಳಿಯರ ಬಾಯಿಗೆ ಬರುತ್ತಿರಲಿಲ್ಲ. ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಂಡತಿ ಅದನ್ನು ‘ಕಿಪ್ಪರ್’ ಅಂತ ಮಾಡಿದರು. ಸೇನೆಯಲ್ಲಿ ಕೊನೆವರೆಗೂ ಆ ಹೆಸರೇ ಉಳಿಯಿತು.

ಆಮೇಲಿನ ಮೂವತ್ತು ವರ್ಷವನ್ನು ನಾವು ಬೇಗ ದಾಟುತ್ತೇವೆ. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಆಯ್ಕೆಯಾದ ಮೊದಲ ಭಾರತೀಯ ಅಧಿಕಾರಿ (1933), ಒಂದು ಬೆಟಾಲಿಯನ್ ನಡೆಸಿದ ಮೊದಲ ಭಾರತೀಯ (1942), ಹೀಗೆ ಎಲ್ಲಿ ಹೋದರೂ ಮೊದಲನೆಯವರು. ಮೊದಲನೆಯವರು ಅಂದರೆ ಕೇಳಲು ಚೆಂದ. ಆದರೆ ಬಿಳಿಯರೇ ತುಂಬಿದ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿ ನಮ್ಮವರು ಅಂತ ಯಾರೂ ಇರುವುದಿಲ್ಲ, ಒಂದು ತಪ್ಪು ಮಾಡಿದರೆ ಹಿಂದೆ ಬರುವವರ ದಾರಿಯೂ ಮುಚ್ಚಿತು. ಅವರ ಶಿಸ್ತು ಅಷ್ಟು ಬಿಗಿಯಾಗಿದ್ದದ್ದು ಅದಕ್ಕೇ ಇರಬೇಕು ಅಂತ ನಮಗೆ ಅನ್ನಿಸುತ್ತದೆ.

1948ರ ಕಾಶ್ಮೀರ ಯುದ್ಧದಲ್ಲಿ ಪಶ್ಚಿಮ ವಿಭಾಗದ ಹೊಣೆ ಅವರದ್ದು. ಆ ವರ್ಷ ನವೆಂಬರ್ 1ರಂದು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಅಲ್ಲಿಂದ ಓಡಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆ ಅಂತ ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಮುಂದೆ ದ್ರಾಸ್, ಕಾರ್ಗಿಲ್ ನಮ್ಮ ಕೈಗೆ ಬಂದು ಲೇಹ್‌ಗೆ ದಾರಿ ತೆರೆಯಿತು. ಸ್ಥಳದಲ್ಲಿ ನಿಂತು ಅದನ್ನು ನಡೆಸಿದವರು ತಿಮ್ಮಯ್ಯನವರು. ಅವರೂ ಕೊಡಂದೇರ ಮನೆತನದವರೇ. 1999ರಲ್ಲಿ ಟೀವಿಯಲ್ಲಿ ಕಾರ್ಗಿಲ್ ಕಾರ್ಗಿಲ್ ಅಂತ ಕೇಳಿದಾಗ, ಐವತ್ತು ವರ್ಷ ಮುಂಚೆ ಅಲ್ಲಿಗೆ ದಾರಿ ಬಿಡಿಸಿದವರು ಕೊಡಗಿನ ಒಂದೇ ಒಕ್ಕದ ಇಬ್ಬರು ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಾಯಿತೋ ಏನೋ.

1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಇಡೀ ಸೇನೆಯ ಅಧಿಕಾರ ವಹಿಸಿಕೊಂಡರು. ಆ ದಿನವನ್ನೇ ಇವತ್ತಿಗೂ ಸೇನಾ ದಿನ ಅಂತ ಆಚರಿಸುತ್ತಾರೆ. ಆಗಿನ ಕಾಲದಲ್ಲಿ ಹೆಚ್ಚಿನ ರೆಜಿಮೆಂಟುಗಳು ಜಾತಿ ಮತ್ತು ಪ್ರಾಂತದ ಮೇಲೆ ಕಟ್ಟಿದಂಥವು. ಕಾರ್ಯಪ್ಪನವರು ಅದೇ 1949ರಲ್ಲಿ ಎಲ್ಲ ಜಾತಿ, ಎಲ್ಲ ಪ್ರಾಂತದವರನ್ನೂ ಸೇರಿಸಿ ಗಾರ್ಡ್ಸ್ ಪಡೆ ಕಟ್ಟಿದರು. ಒಂದೇ ಅಡುಗೆ, ಒಂದೇ ಸಾಲು. ನಮ್ಮ ಸಂಘದ ಗೊಬ್ಬರದ ಸಾಲಿನಲ್ಲೂ ಮೊದಮೊದಲು ಯಾರು ಮುಂದೆ ನಿಲ್ಲಬೇಕು ಅಂತ ಪಿಸುಮಾತು ಇತ್ತು ಅನ್ನೋದು ಹಿರಿಯ ಸದಸ್ಯರಿಗೆ ಗೊತ್ತು. ಆದ್ದರಿಂದ ಅದು ಎಷ್ಟು ಕಷ್ಟದ ಕೆಲಸ ಅಂತ ನಾವು ಊಹಿಸಬಲ್ಲೆವು.

ಅವರ ಹಿಂದಿ ಮಾತ್ರ ನಮ್ಮ ಹಿಂದಿ ಥರವೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜವಾನರಿಗೆ ಭಾಷಣ ಮಾಡುತ್ತಾ, ದೇಶ ಸ್ವತಂತ್ರವಾಗಿದೆ, ನೀವೂ ಸ್ವತಂತ್ರರು ಅಂತ ಹೇಳಲು ಹೊರಟು, ಫ್ರೀ ಅನ್ನೋದಕ್ಕೆ ‘ಮುಫ್ತ್’ ಅಂದುಬಿಟ್ಟರಂತೆ. ದೇಶ ಪುಕ್ಕಟೆ, ನೀವೂ ಪುಕ್ಕಟೆ, ನಾನೂ ಪುಕ್ಕಟೆ ಅಂದ ಹಾಗಾಯ್ತು. ಮಿಲಿಟ್ರಿಯವರು ಇದನ್ನು ಈಗಲೂ ಹೇಳಿ ನಗುತ್ತಾರೆ, ಪ್ರೀತಿಯಿಂದಲೇ.

1953ರ ಜನವರಿಯಲ್ಲಿ ನಿವೃತ್ತಿ. ವಯಸ್ಸು ಇನ್ನೂ ಐವತ್ತನಾಲ್ಕು ತುಂಬಿರಲಿಲ್ಲ. ಸರಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಕಳಿಸಿತು. 1956ರಲ್ಲಿ ಅದೂ ಮುಗಿಯಿತು. ಡೆಲ್ಲಿಯಲ್ಲೋ ಬೆಂಗಳೂರಲ್ಲೋ ಉಳಿದುಕೊಳ್ಳಬಹುದಿತ್ತು. ಅವರು ಮಡಿಕೇರಿಗೆ ಬಂದು ‘ರೋಶನಾರ’ ಅನ್ನೋ ಮನೆಯಲ್ಲಿ ನೆಲೆ ನಿಂತರು.

ಈಗ ನಮ್ಮ ವಿಷಯಕ್ಕೆ ಬರುತ್ತೇವೆ. ಸೇನೆಯಲ್ಲಿ ಜನರಲ್ ನಿವೃತ್ತಿ ಆಗೋದು ಬೇರೆ, ಸಿಪಾಯಿ ನಿವೃತ್ತಿ ಆಗೋದು ಬೇರೆ. ಸಿಪಾಯಿಯನ್ನು ಪ್ರಾಯದಲ್ಲೇ ಮನೆಗೆ ಕಳಿಸುತ್ತಾರೆ, ಯಾಕೆಂದರೆ ಗುಡ್ಡ ಹತ್ತಲು ಎಳೆಯ ಕಾಲು ಬೇಕು. ಹದಿನೆಂಟಕ್ಕೆ ಸೇರಿದವರು ಹದಿನೈದು ಹದಿನೇಳು ವರ್ಷ ಸೇವೆ ಮಾಡಿ, ಮೂವತ್ತೈದರ ಹತ್ತಿರ ಟ್ರಂಕು ಹೊತ್ತುಕೊಂಡು ಊರಿಗೆ ಬರುತ್ತಾರೆ. 2022ರಲ್ಲಿ ಅಗ್ನಿವೀರ್ ಪದ್ಧತಿ ಬಂದಾಗ ಅದು ನಾಲ್ಕೇ ವರ್ಷಕ್ಕೆ ಇಳಿಯಿತು. ಊರಿಗೆ ಬಂದಾಗ ಮಕ್ಕಳು ಇನ್ನೂ ಪ್ರೈಮರಿಯಲ್ಲಿ ಇರುತ್ತಾರೆ. ಜಮೀನು ಅಣ್ಣತಮ್ಮಂದಿರ ಕೈಯಲ್ಲಿ ಇರುತ್ತದೆ. ಪಿಂಚಣಿ ಸಣ್ಣದು. ಕೋವಿ ಹಿಡಿದ ಕೈಗೆ ಊರಿನಲ್ಲಿ ಏನು ಕೆಲಸ? ಅರ್ಜಿ ಯಾರಿಗೆ ಕೊಡಬೇಕು, ಯಾವ ಭಾಷೆಯಲ್ಲಿ ಕೊಡಬೇಕು ಅನ್ನೋದೇ ಗೊತ್ತಿರುವುದಿಲ್ಲ.

ಕಾರ್ಯಪ್ಪನವರ ಮನಸ್ಸನ್ನು ಹಿಡಿದಿದ್ದು ಇದೇ. ದಂಡನಾಯಕರಾಗಿದ್ದಾಗಲೇ, 1951ರಲ್ಲಿ, ನಿವೃತ್ತ ಸೈನಿಕರ ಪುನರ್ವಸತಿಗೆ ಒಂದು ನಿರ್ದೇಶನಾಲಯ ಆಗಲು ಕಾರಣರಾದರು. ಆದರೆ ಸರಕಾರಿ ಇಲಾಖೆ ಒಂದೇ ಸಾಲದು, ಸೈನಿಕರದ್ದೇ ಒಂದು ಸಂಘ ಬೇಕು ಅಂತ 1964ರಲ್ಲಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಸ್ಥಾಪಿಸಿದರು. ಆಗ ಅವರಿಗೆ ಅರವತ್ತೈದು. ಆ ವಯಸ್ಸಿನಲ್ಲಿ ನಾವು ಜಗಲಿಯಲ್ಲಿ ಕೂತು ಕಾಫಿ ತರಲು ಹೇಳುತ್ತೇವೆ. ಬಿಡಿ ಬಿಡಿಯಾಗಿ ಹೋದರೆ ಕಚೇರಿಯ ಜವಾನನೂ ತಿರುಗಿ ನೋಡುವುದಿಲ್ಲ, ಸಂಘವಾಗಿ ಹೋದರೆ ಸಾಹೇಬರು ಎದ್ದು ಮಾತನಾಡಿಸುತ್ತಾರೆ. ಇದು ಸಹಕಾರಿಗಳಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂದು ಅದು ದೇಶದ ಮಾಜಿ ಸೈನಿಕರ ಅತಿ ದೊಡ್ಡ ಸಂಘಟನೆಗಳಲ್ಲಿ ಒಂದು.

ನಮ್ಮೂರಿನಲ್ಲಿ ಒಬ್ಬರು ಹವಾಲ್ದಾರ್ ಅಜ್ಜ ಇದ್ದದ್ದು ನಿಮಗೆಲ್ಲ ಗೊತ್ತು. ಹೆಸರು ಹಾಕುವುದು ಬೇಡ ಅಂತ ಮನೆಯವರು ಹೇಳಿದ್ದಾರೆ. 1965ರ ಯುದ್ಧ ನೋಡಿದವರು. ಊರಿಗೆ ಬಂದ ಮೇಲೆ ಅವರ ಪಿಂಚಣಿ ಕಾಗದ ಒಂದು ಕಚೇರಿಯಲ್ಲಿ ಎರಡು ವರ್ಷ ಬಿದ್ದಿತ್ತು. ಅಪ್ಪನ ಹೆಸರಿನ ಒಂದು ಅಕ್ಷರ ಎರಡು ಕಾಗದದಲ್ಲಿ ಎರಡು ಥರ ಇತ್ತಂತೆ, ಅಷ್ಟಕ್ಕೆ! ಕೊನೆಗೆ ಮಡಿಕೇರಿಯ ಮಾಜಿ ಸೈನಿಕರು ಕೂತು ಅವರ ಪರವಾಗಿ ಕಾಗದ ಬರೆದು, ಹಿಂದೆ ಬಿದ್ದು ಆ ಕೆಲಸ ಮಾಡಿಸಿಕೊಟ್ಟರು. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಸಂಘಕ್ಕೆ ಷೇರು ಕೂಡಿಸಲು ಮನೆ ಮನೆಗೆ ಹೋದಾಗ, ಹಣ ಮುಳುಗುತ್ತದೆ ಅಂತ ಎಲ್ಲರೂ ಹಿಂದೆ ಮುಂದೆ ನೋಡುತ್ತಿದ್ದರೆ, ಮೊದಲು ಪಿಂಚಣಿ ದುಡ್ಡು ತಂದು ಮೇಜಿನ ಮೇಲೆ ಇಟ್ಟವರು ಇದೇ ಅಜ್ಜ. ಒಂದು ಅವಧಿಗೆ ನಿರ್ದೇಶಕರೂ ಆದರು. ಮುಂದಿನ ಚುನಾವಣೆಯಲ್ಲಿ ಸೋತರು. ಸೋಲಿಸಿದವರಲ್ಲಿ ನಮ್ಮ ಮನೆಯ ಓಟುಗಳೂ ಇದ್ದವು ಅನ್ನೋದನ್ನು ಮುಚ್ಚಿಡುವುದಿಲ್ಲ. ಮರುದಿನ ಗೊಬ್ಬರದ ಲಾರಿ ಬಂದಾಗ ಚೀಟಿ ನೋಡಿ ಸಾಲು ನಿಲ್ಲಿಸುತ್ತಾ ಇದ್ದವರು ಮತ್ತೆ ಅವರೇ. ಅಧಿಕಾರ ಹೋದ ಮೇಲೆ ಮಹಾಸಭೆಗೆ ಕಾಲಿಡದ ನಿರ್ದೇಶಕರನ್ನೂ ಈ ಊರು ಕಂಡಿದೆ. ನಾವೂ ಮುಂದಿನ ಸಲ ಸೋತರೆ ಏನು ಮಾಡುತ್ತೇವೋ ಅಂತ ಈ ಲೇಖನ ಬರೆಯುವಾಗ ಎರಡು ಮೂರು ಸಲ ಯೋಚನೆ ಬಂತು.

1965ರ ಮಾತು ಬಂದದ್ದರಿಂದ ಎಲ್ಲರಿಗೂ ಗೊತ್ತಿರುವ ಆ ಪ್ರಸಂಗವನ್ನು ಬಿಡುವಂತಿಲ್ಲ. ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ವಾಯುಸೇನೆಯ ಪೈಲಟ್. ಯುದ್ಧದ ಕೊನೆ ದಿನ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನವನ್ನು ಹೊಡೆದು ಬೀಳಿಸಿದರು. ಬದುಕಿ ಉಳಿದವರು ಪಾಕಿಸ್ತಾನದ ಕೈಗೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆ ಸಾಹೇಬರ ಮಗ ಅಂತ ಗೊತ್ತಾದ ಕೂಡಲೇ ಬಿಡುಗಡೆ ಮಾಡುತ್ತೇನೆ ಅಂತ ಹೇಳಿ ಕಳಿಸಿದರು. ಅಲ್ಲಿರುವ ಸೆರೆಯಾಳುಗಳೆಲ್ಲ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಅನ್ನೋ ಅರ್ಥದ ಉತ್ತರ ಹೋಯಿತು. ನಂದಾ ಅವರು ಉಳಿದವರ ಜೊತೆಗೇ ಇದ್ದು 1966ರಲ್ಲಿ ಬಂದರು. ಆಗ ಕಾರ್ಯಪ್ಪನವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಬರೀ ಮಡಿಕೇರಿಯ ಒಬ್ಬ ಅಪ್ಪ. ಮಗನಿಗೆ ಒಂದು ಸೀಟು ಬೇಕಾದರೆ ನಾವು ಎಷ್ಟು ಬಾಗಿಲು ತಟ್ಟುತ್ತೇವೆ!

ಹಾಗಂತ ಅವರು ಮುಟ್ಟಿದ್ದೆಲ್ಲ ಚಿನ್ನವಾಗಲಿಲ್ಲ. ಒಮ್ಮೆ ಲೋಕಸಭೆ ಚುನಾವಣೆಗೆ ನಿಂತು ಸೋತರು. ಪರೇಡಿನ ಮಾತು ರಾಜಕೀಯಕ್ಕೆ ಹೊಂದುವುದಿಲ್ಲ, ಸೋತದ್ದೇ ಒಳ್ಳೇದಾಯ್ತು ಅಂತ ನಮ್ಮ ಅಭಿಪ್ರಾಯ. ಸೋತು ಮನೆ ಸೇರಿ ಬಾಗಿಲು ಹಾಕಿಕೊಂಡವರಂತೂ ಅಲ್ಲ. 1965ರಲ್ಲೂ 1971ರಲ್ಲೂ ಗಡಿಗೆ ಹೋಗಿ ಜವಾನರನ್ನು ಮಾತನಾಡಿಸಿ ಬಂದರು. 1971ರಲ್ಲಿ ಅವರಿಗೆ ಎಪ್ಪತ್ತೆರಡು.

1986ರಲ್ಲಿ ಸರಕಾರ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಅಂತ ಇಲ್ಲ, ಬದುಕಿರುವಷ್ಟು ದಿನ ಸೇವೆಯಲ್ಲೇ ಲೆಕ್ಕ. ಮೂವತ್ತಮೂರು ವರ್ಷದ ಹಿಂದೆ ಮನೆಗೆ ಬಂದವರು ಎಂಬತ್ತೇಳನೇ ವಯಸ್ಸಿನಲ್ಲಿ ಮತ್ತೆ ಡ್ಯೂಟಿಗೆ ಹಾಜರಾದ ಹಾಗಾಯ್ತು. ರಾಷ್ಟ್ರಪತಿ ಭವನದ ಸಮಾರಂಭದ ದಿನ ಕಾಲಿನ ಬೆರಳು ನೋಯುತ್ತಿದ್ದರೂ ಚಪ್ಪಲಿ ಹಾಕಲು ಒಪ್ಪದೆ ಶೂ ತೊಟ್ಟೇ ನಡೆದರಂತೆ.

1993ರ ಮೇ 15ರಂದು ಬೆಂಗಳೂರಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ನಾವಾಗ ಹೈಸ್ಕೂಲು, ಬೇಸಿಗೆ ರಜ. ಸುದ್ದಿ ಕೇಳಿದ್ದು ರೇಡಿಯೋದಲ್ಲಿ. 17ರಂದು ಮಡಿಕೇರಿಯಲ್ಲಿ ಸಂಸ್ಕಾರ. ಅವತ್ತು ಬೆಳಕು ಹರಿಯುವ ಮೊದಲು ಹಾಲು ಕೊಡಲು ಹವಾಲ್ದಾರ್ ಅಜ್ಜನ ಮನೆಗೆ ಹೋದೆವು. ಅಜ್ಜ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯಲ್ಲಿ ಹಳೆ ಕೋಟು ಉಜ್ಜುತ್ತಾ ಇದ್ದರು. ಪಕ್ಕದಲ್ಲಿ ಬಿಸ್ಕೆಟಿನ ಡಬ್ಬಿ, ಅದರಲ್ಲಿ ಮೂರು ಪದಕ. “ಅಜ್ಜಾ, ನಿಮಗೆ ಅವರ ಪರಿಚಯ ಉಂಟಾ?” ಅಂತ ಕೇಳಿದೆವು. “ಅವರಿಗೆ ನನ್ನ ಪರಿಚಯ ಇಲ್ಲ ಮಗಾ” ಅಂದರು.

ಸೋಮವಾರಪೇಟೆಗೆ ಹೋಗಿ ಮಡಿಕೇರಿ ಬಸ್ಸು ಹಿಡಿದರು. ಮಡಿಕೇರಿಯಲ್ಲಿ ಮೂರೂ ಸೇನೆಗಳ ಮುಖ್ಯಸ್ಥರು, ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಬಂದಿದ್ದರು. ನಂದಾ ಅವರು ಚಿತೆಗೆ ಬೆಂಕಿ ಇಟ್ಟರು. ಅಜ್ಜನಿಗೆ ಹತ್ತಿರ ಹೋಗಲು ಆಗಲಿಲ್ಲ, ಜನರ ಹಿಂದೆ ಒಂದು ಮೋಟುಗೋಡೆಯ ಪಕ್ಕ ನಿಂತಿದ್ದರಂತೆ. ಬ್ಯೂಗಲ್ ಕೇಳಿದಾಗ ಅಲ್ಲಿಂದಲೇ ಸೆಲ್ಯೂಟ್ ಮಾಡಿ ಕೊನೆ ಬಸ್ಸಿಗೆ ಬಂದರು. ಬರುವಾಗ ಮಳೆ ಹಿಡಿದು ಕೋಟು ಪೂರ್ತಿ ಒದ್ದೆ. ಬೆಳಿಗ್ಗೆ ನಾವು ಹಾಲಿನ ಪಾತ್ರೆ ತರಲು ಹೋದಾಗ ಕೋಟು ಒಲೆಯ ಮೇಲಿನ ಗಳದಲ್ಲಿ ಒಣಗುತ್ತಿತ್ತು, ಅಜ್ಜ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದರು.